ಗೂಗಿಯನ್ನು ಯಾವ ಪುಸ್ತಕದಿಂದ ಓದಲು ಶುರು ಮಾಡಲಿ?

ಪ್ರಶ್ನೆ: ನಮ್ಮೂರಲ್ಲಿ ಕೆಲವರು ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಈ ಸಲ ಕೀನ್ಯಾದ ಗೂಗಿ ವಾ ಥಿಯಾಂಗೊ ಅವರನ್ನು ಓದೋಣ ಅಂತ ಆಯಿತು. ಇಂಗ್ಲಿಷ್ ಬಿಟ್ಟು ತಮ್ಮ ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದವರು, 2025ರ ಮೇ ತಿಂಗಳಲ್ಲಿ ತೀರಿಕೊಂಡರು, ಇಷ್ಟೇ ನಮಗೆ ಗೊತ್ತಿರುವುದು. ಗುಂಪಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಸಲೀಸಲ್ಲ. ಎಲ್ಲಿಂದ ಶುರು ಮಾಡಲಿ? ಓದಿದವರು ದಯವಿಟ್ಟು ಹೇಳಿ.

ಮೈಸೂರಿನ ಅಧ್ಯಾಪಕಿ:
ಮೇಡಂ, ಭಾಷೆಯ ಬಗ್ಗೆ ಅವರ ಪ್ರಬಂಧಗಳಿರುವ ‘ಡಿಕಾಲನೈಸಿಂಗ್ ದಿ ಮೈಂಡ್’ ಓದಿ ಅಂತ ತುಂಬಾ ಜನ ಹೇಳುತ್ತಾರೆ. ಒಳ್ಳೆಯ ಪುಸ್ತಕವೇ. ಆದರೆ ಅದರಿಂದ ಶುರು ಮಾಡಬೇಡಿ. ಅದನ್ನು ಮೊದಲು ಓದಿದವರು ಗೂಗಿ ಅಂದರೆ ಬರೀ ವಾದ ಮಾಡುವವರು ಅಂದುಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಕಂಡಿದ್ದೇನೆ. ಅವರು ಮೊದಲು ಕಥೆಗಾರರು.

‘ಡೆವಿಲ್ ಆನ್ ದಿ ಕ್ರಾಸ್’ ತಗೊಳ್ಳಿ. ಗಿಕುಯುವಿನಲ್ಲಿ ಅವರು ಬರೆದ ಮೊದಲ ಕಾದಂಬರಿ ಅದು. ಬರೆದದ್ದು ಕೀನ್ಯಾದ ಕಮೀಟಿ ಅನ್ನುವ ಜೈಲಿನಲ್ಲಿ, 1978ರಲ್ಲಿ, ಟಾಯ್ಲೆಟ್ ಪೇಪರ್ ಮೇಲೆ. ಕೈದಿಗಳಿಗೆ ಕೊಡುತ್ತಿದ್ದ ಆ ಕಾಗದ ಒರಟು. ಮೈಗೆ ಹಿಂಸೆ, ಪೆನ್ನಿಗೆ ಮಾತ್ರ ಒಗ್ಗಿತು. ಒಮ್ಮೆ ಜೈಲಿನವರು ತಪಾಸಣೆ ಮಾಡಿ ಬರೆದದ್ದನ್ನೆಲ್ಲ ಎತ್ತಿಕೊಂಡು ಹೋದರು. ಕೆಲವು ವಾರ ಆದಮೇಲೆ ವಾಪಸ್ ಕೊಟ್ಟರು. ಕೊಡದೇ ಹೋಗಿದ್ದರೆ ಅಂತ ಈಗಲೂ ಎದೆ ಝಲ್ಲೆನ್ನುತ್ತದೆ ನನಗೆ.

ಕಥೆ ಹೀಗಿದೆ. ವರೀಂಗ ಅನ್ನುವ ಹೆಣ್ಣುಮಗಳು ನೈರೋಬಿಯಲ್ಲಿ ಕೆಲಸ ಕಳೆದುಕೊಂಡು ಊರ ಕಡೆ ಹೋಗುವ ಮಟಾಟು ಹತ್ತುತ್ತಾಳೆ. ನಮ್ಮ ಮ್ಯಾಕ್ಸಿಕ್ಯಾಬ್ ಥರದ ಬಾಡಿಗೆ ಗಾಡಿ ಅದು. ಒಳಗೆ ಕೂತವರು ಒಬ್ಬೊಬ್ಬರೇ ತಮ್ಮ ಕಥೆ ಬಿಚ್ಚುತ್ತಾರೆ. ಆಮೇಲೆ ಬರುವುದು ಕಳ್ಳರ ಸ್ಪರ್ಧೆ. ದೊಡ್ಡ ದೊಡ್ಡ ಮನುಷ್ಯರು ವೇದಿಕೆ ಹತ್ತಿ, ತಾವು ಜನರನ್ನು ಹೇಗೆ ದೋಚಿದೆವು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮಣ್ಣನ್ನು ಡಬ್ಬಿಗೆ ತುಂಬಿ ಮಾರುವ ಯೋಜನೆಯೂ ಒಬ್ಬನ ಹತ್ತಿರ ಇದೆ! ಈ ಭಾಗವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಕೀನ್ಯಾದಲ್ಲೂ ಜನ ಹಾಗೇ ಕೇಳಿದರು. 1980ರಲ್ಲಿ ಅಚ್ಚಾದಾಗ ಮೊದಲ 5,000 ಪ್ರತಿ ಒಂದೇ ತಿಂಗಳಲ್ಲಿ ಖರ್ಚಾದವು. ಮನೆಗಳಲ್ಲಿ, ಬಸ್ಸುಗಳಲ್ಲಿ, ಬಾರುಗಳಲ್ಲಿ ಓದಿಸಿಕೊಂಡು ಕೇಳುತ್ತಿದ್ದರಂತೆ. ಬಾರಿನಲ್ಲಿ ಓದುವವನು ರೋಚಕ ಜಾಗಕ್ಕೆ ಬಂದು ನಿಲ್ಲಿಸುತ್ತಿದ್ದ. ಗ್ಲಾಸ್ ತುಂಬಿದರೆ ಮಾತ್ರ ಮುಂದಿನ ಪುಟ. ಗೂಗಿಯವರೇ ಇದನ್ನು ಬರೆದಿದ್ದಾರೆ.

ಸಾಗರದ ರಂಗಕರ್ಮಿ:
ಜೈಲಿಗೆ ಯಾಕೆ ಹಾಕಿದರು ಅನ್ನುವುದನ್ನೂ ಹೇಳಬೇಕಲ್ವಾ? ನಾಟಕಕ್ಕೆ. ಲಿಮುರು ಹತ್ತಿರ ಕಮಿರೀಥು ಅವರ ಊರು. ಸುತ್ತ ಚಹಾ ತೋಟಗಳು, ಒಂದು ಬಾಟಾ ಕಾರ್ಖಾನೆ. ಅಲ್ಲಿನ ಕೂಲಿಗಳು, ರೈತರು ಸೇರಿ ತಾವೇ ಬಯಲು ರಂಗಮಂದಿರ ಕಟ್ಟಿದರು. ಗೂಗಿ ವಾ ಮಿರೀ ಅನ್ನುವ ಇನ್ನೊಬ್ಬ ಲೇಖಕರ ಜತೆ ಸೇರಿ ಇವರು ಗಿಕುಯುವಿನಲ್ಲಿ ‘ಙಾಹೀಕಾ ದೇಂದಾ’ ಬರೆದರು. ತಾಲೀಮು ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಮುದುಕರು ನಡುವೆ ಎದ್ದು, ಈ ಮಾತು ಹೀಗಲ್ಲ, ನಮ್ಮ ಕಡೆ ಹೀಗೆ ಆಡುವುದಿಲ್ಲ ಅಂತ ತಿದ್ದುತ್ತಿದ್ದರು. ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿದ್ದ ಗೂಗಿ ಕೂತು ಕಲಿತರು. 1977ರ ಅಕ್ಟೋಬರಿನಲ್ಲಿ ಪ್ರದರ್ಶನ ಶುರುವಾಯಿತು. ನವೆಂಬರಿನಲ್ಲಿ ಸರ್ಕಾರ ನಿಲ್ಲಿಸಿತು. ವರ್ಷದ ಕೊನೆಗೆ ಗೂಗಿ ಜೈಲಿನಲ್ಲಿದ್ದರು. ವಿಚಾರಣೆಯೂ ಇಲ್ಲ, ಆರೋಪವೂ ಇಲ್ಲ. 1982ರಲ್ಲಿ ಆ ರಂಗಮಂದಿರವನ್ನೇ ಪೊಲೀಸರು ಕೆಡವಿ ಹಾಕಿದರು.

ನಾಟಕದ ವರ್ಷವೇ, 1977ರಲ್ಲಿ, ಬಂದ ಅವರ ಕಾದಂಬರಿ ‘ಪೆಟಲ್ಸ್ ಆಫ್ ಬ್ಲಡ್’ ಇಂಗ್ಲಿಷಿನಲ್ಲಿತ್ತು. ಅದರಲ್ಲೂ ಸರ್ಕಾರದ ಮೇಲೆ ಕಡು ಟೀಕೆ ಇತ್ತು. ಬಂಧನವಾದದ್ದು ಮಾತ್ರ ಊರಿನವರಿಗೆ ಅರ್ಥವಾಗುವ ನಾಟಕ ಆಡಿಸಿದ ಮೇಲೆ. ಹಳ್ಳಿಗಳಲ್ಲಿ ನಾಟಕ ಮಾಡಿಸುವ ನನಗೆ ಗೂಗಿ ಹತ್ತಿರವಾದದ್ದೇ ಇಲ್ಲಿಂದ. ಕಾದಂಬರಿಗೆ ಮೊದಲು ಈ ನಾಟಕ ಓದಿ. ಇಂಗ್ಲಿಷಿನಲ್ಲಿ ‘ಐ ವಿಲ್ ಮ್ಯಾರಿ ವೆನ್ ಐ ವಾಂಟ್’ ಅಂತ ಸಿಗುತ್ತದೆ. ಪಾತ್ರ ಹಂಚಿಕೊಂಡು ಓದಿದರೆ ಒಂದೇ ಸಂಜೆಯಲ್ಲಿ ಮುಗಿಯುತ್ತದೆ.

ಬೆಂಗಳೂರಿನ ಓದುಗ:
ಇಂಗ್ಲಿಷ್ ಸಲೀಸಲ್ಲ ಅಂದಿರಿ. ಹಾಗಾದರೆ ಅವರ ಬಾಲ್ಯದ ನೆನಪುಗಳು, ‘ಡ್ರೀಮ್ಸ್ ಇನ್ ಎ ಟೈಮ್ ಆಫ್ ವಾರ್’, ಎಲ್ಲಕ್ಕಿಂತ ಸುಲಭ. ವಾಕ್ಯಗಳು ಚಿಕ್ಕವು. 1938ರಲ್ಲಿ ಹುಟ್ಟಿದ ಹುಡುಗ, ಅಪ್ಪನಿಗೆ ನಾಲ್ವರು ಹೆಂಡತಿಯರು, ರಾತ್ರಿ ಒಲೆ ಸುತ್ತ ಕಥೆಗಳು. ಶಾಲೆಗೆ ಹೋಗಬೇಕು ಅನ್ನುವ ಹುಚ್ಚು. ಈ ನೆನಪುಗಳ ಮುಂದಿನ ಪುಸ್ತಕದಲ್ಲಿ ಅವನು ಅಲಯನ್ಸ್ ಹೈಸ್ಕೂಲಿನಿಂದ ಮೊದಲ ರಜೆಗೆ ಮನೆಗೆ ಬರುತ್ತಾನೆ. ನೋಡಿದರೆ ಊರೇ ಇಲ್ಲ. ಬ್ರಿಟಿಷರು ಕೆಡವಿ, ಜನರನ್ನೆಲ್ಲ ಬೇರೆ ಕಡೆ ಕೂಡಿಹಾಕಿದ್ದಾರೆ.

ಅದಕ್ಕೂ ಮೊದಲು ಓದಿದ ಶಾಲೆಯ ಆವರಣದಲ್ಲಿ ಗಿಕುಯು ಮಾತಾಡಿದವರಿಗೆ ಏಟು ಬೀಳುತ್ತಿತ್ತು, ಇಲ್ಲವೇ ‘ನಾನು ಕತ್ತೆ’ ಅಂತ ಬರೆದ ತಗಡನ್ನು ಕೊರಳಿಗೆ ಹಾಕುತ್ತಿದ್ದರು. ಹಿಡಿಯುವ ವಿಧಾನ ಇನ್ನೂ ಕ್ರೂರ. ಬೆಳಿಗ್ಗೆ ಒಬ್ಬನ ಕೈಗೆ ಒಂದು ಗುಂಡಿ ಕೊಡುತ್ತಾರೆ. ಮನೆಮಾತು ಆಡಿದವನಿಗೆ ಅವನು ಅದನ್ನು ದಾಟಿಸಬೇಕು, ಅವನು ಇನ್ನೊಬ್ಬನಿಗೆ. ಸಂಜೆ ಒಬ್ಬೊಬ್ಬರೂ ತಮಗೆ ಕೊಟ್ಟವರ ಹೆಸರು ಹೇಳುತ್ತಾರೆ. ಗೆಳೆಯರನ್ನೇ ಗೆಳೆಯರ ಬೇಹುಗಾರರನ್ನಾಗಿ ಮಾಡುವುದು ಅಂದರೆ ಇದೇ. ನನ್ನ ಮಗಳ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ ಇತ್ತು, ಕ್ಲಾಸ್ ಲೀಡರ್ ಹೆಸರು ಬರೆದುಕೊಳ್ಳುತ್ತಿದ್ದ. ಇದನ್ನು ಓದಿದ ವಾರವೇ ಶಾಲೆಗೆ ಹೋಗಿ ಮಾತಾಡಿದೆ.

ಕಲಬುರಗಿಯ ಓದುಗರು:
ಒಂದು ಮಾತು ಸೇರಿಸುತ್ತೇನೆ. ಗಿಕುಯು ಪುಸ್ತಕಗಳ ಭರದಲ್ಲಿ ‘ಎ ಗ್ರೇನ್ ಆಫ್ ವೀಟ್’ ಬಿಡಬೇಡಿ. 1967ರದ್ದು, ಇಂಗ್ಲಿಷಿನಲ್ಲೇ ಬರೆದದ್ದು. ಸ್ವಾತಂತ್ರ್ಯ ಬರುವ ದಿನ, ಅಂದರೆ 1963ರ ಡಿಸೆಂಬರ್ 12, ಹತ್ತಿರವಾಗುತ್ತಿದೆ. ಊರಿನವರು ಮೂಗೋ ಅನ್ನುವವನನ್ನು ವೀರ ಅಂತ ಹೊಗಳುತ್ತಾರೆ. ಅವನೊಳಗೆ ಏನಿದೆ ಅಂತ ಅವನಿಗೆ ಮಾತ್ರ ಗೊತ್ತು. ಮುಂದಿನದನ್ನು ನಾನು ಹೇಳುವುದಿಲ್ಲ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕಾದಂಬರಿ ಇದೇ, ಭಾಷೆ ಯಾವುದಾದರೂ ಇರಲಿ. ಕಾಲ ಹಿಂದೆ ಮುಂದೆ ಓಡಾಡುತ್ತದೆ, ಹೆಸರುಗಳೂ ಜಾಸ್ತಿ. ಯಾರು ಯಾರಿಗೆ ಏನಾಗಬೇಕು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

‘ವಿಝರ್ಡ್ ಆಫ್ ದಿ ಕ್ರೋ’ ಏಳುನೂರು ಪುಟ ದಾಟುತ್ತದೆ. ಅಬುರೀರಿಯ ಅನ್ನುವ ಕಲ್ಪಿತ ದೇಶದ ಸರ್ವಾಧಿಕಾರಿಯ ಕಥೆ. ಭರ್ಜರಿಯಾಗಿದೆ, ಆದರೆ ತಿಂಗಳಿಗೊಂದು ಪುಸ್ತಕದ ಲೆಕ್ಕಕ್ಕೆ ಸಿಗುವುದಲ್ಲ. ಅದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಈ ತಿಂಗಳು ನಾಟಕ, ಮುಂದಿನ ತಿಂಗಳು ‘ಡೆವಿಲ್ ಆನ್ ದಿ ಕ್ರಾಸ್’. ಕಳ್ಳರ ಸ್ಪರ್ಧೆ ಓದಿದಾಗ ನಿಮ್ಮವರು ಏನಂದರು ಅಂತ ಇಲ್ಲಿ ಬರೆಯಿರಿ.