ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದೆ ಮೋಡದೊಳಗೆ ಸಿಕ್ಕಿಕೊಂಡರೆ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಮೊದಲ ಎರಡು ನಿಮಿಷ

ಹೈವಿಂಗ್_ಸ್ಯಾನೋಸೆ

ಎಲ್ಲರಿಗೂ ನಮಸ್ಕಾರ. ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಮೀಟರು ನೋಡಿಯೇ ಹಾರಿಸುವ ಅರ್ಹತೆ) ಇಲ್ಲ. ಓಡಿಸುವುದು ಕ್ಲಬ್ಬಿನ ಹಳೆಯ ಸೆಸ್ನಾ 172ಎನ್: ಕಾರ್ಬ್ಯುರೇಟರ್ ಎಂಜಿನ್, ಹಳೇ ಕಾಲದ ಗುಂಡು ಮೀಟರುಗಳು, ಆಟೋಪೈಲಟ್ ಇಲ್ಲ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನೋಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಕರಾವಳಿಯ ವಾಟ್ಸನ್‌ವಿಲ್, ಮಾಂಟೆರೆ ಕಡೆ ಹೋಗಿಬರುವ ಯೋಚನೆ. ಸಮುದ್ರದ ತಗ್ಗು ಮೋಡದ ಬಗ್ಗೆ ಹೆದರಿಸುವವರು ಬೇಕಾದಷ್ಟು ಜನ. ಆದರೆ ಮೋಡ ಹೊಕ್ಕರೆ "180 ಡಿಗ್ರಿ ತಿರುಗಿಸಿ ವಾಪಸ್ ಬಾ" ಅನ್ನುವುದಕ್ಕಿಂತ ಮುಂದೆ ಯಾರೂ ಹೇಳುವುದಿಲ್ಲ. ಎಷ್ಟು ಬ್ಯಾಂಕ್ (ರೆಕ್ಕೆ ವಾಲಿಸುವ ಕೋನ)? ಯಾವ ಮೀಟರ್ ಮೊದಲು? ರೇಡಿಯೋ ಯಾವಾಗ? ಹಾಗೇ, ಮೋಡ ಹೊಕ್ಕರೆ 178 ಸೆಕೆಂಡಿನಲ್ಲಿ ನಿಯಂತ್ರಣ ತಪ್ಪುತ್ತದೆ ಅನ್ನುವ ಆ ಮಾತು ನಿಜವೇ?

ಬಲಗಡೆ_ಸೀಟು

178 ಮೊದಲು ಮುಗಿಸೋಣ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದ ಸರಾಸರಿ ಅದು. ಮೀಟರು ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಜನರನ್ನು ಬೊನಾಂಜಾ ಎಂಬ ಸಣ್ಣ ವಿಮಾನದಲ್ಲಿ ಕೂರಿಸಿ, ಹೊರಗೇನೂ ಕಾಣದ ಹಾಗೆ ಮಾಡಿದರು. 19 ಜನ ಸ್ಪೈರಲ್‌ಗೆ (ಸುತ್ತುತ್ತಾ ವೇಗವಾಗಿ ಕೆಳಗಿಳಿಯುವ ಸುರುಳಿ) ಬಿದ್ದರು, ಒಬ್ಬರು ಮೂಗೆತ್ತಿ ಸ್ಟಾಲ್‌ಗೆ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದು) ಹೋದರು. ಒಬ್ಬರಿಗೆ 20 ಸೆಕೆಂಡೇ ಸಾಕಾಯಿತು, ಇನ್ನೊಬ್ಬರು ಸುಮಾರು 8 ನಿಮಿಷ ತಡೆದರು. ಆದರೆ ಪ್ರಯೋಗದ ಉದ್ದೇಶವೇ ಬೇರೆ: ಇಂಥವರಿಗೆ ಸರಳವಾದ ಒಂದು 180 ಡಿಗ್ರಿ ತಿರುವನ್ನು ಕಲಿಸಬಹುದೇ ಅಂತ ನೋಡುವುದು. ಕಲಿಸಿದ ಮೇಲೆ ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಜನ ಸರಿಯಾಗಿ ಹೊರಬಂದರು. ಹೆದರಿಸುವ ಅರ್ಧ ಊರೆಲ್ಲ ಓಡಾಡುತ್ತಿದೆ, ಕೆಲಸಕ್ಕೆ ಬರುವ ಅರ್ಧ ಕಡತದಲ್ಲೇ ಉಳಿಯಿತು.

ಈಗ ನಿಮ್ಮ ವಿಮಾನಕ್ಕೆ ಬರೋಣ. ಕಿಟಕಿ ಬೆಳ್ಳಗಾದ ತಕ್ಷಣ ತಿರುಗಿಸಲು ಹೋಗಬೇಡಿ. ಮೊದಲು ಆಟಿಟ್ಯೂಡ್ ಇಂಡಿಕೇಟರ್ (ರೆಕ್ಕೆ ಎಷ್ಟು ವಾಲಿದೆ, ಮೂಗು ಮೇಲೋ ಕೆಳಗೋ ತೋರಿಸುವ ಮೀಟರ್) ನೋಡಿ ರೆಕ್ಕೆ ಸಮ ಮಾಡಿ, ಮೂಗಿನ ಚುಕ್ಕೆಯನ್ನು ಗೆರೆಯ ಮೇಲೆ ಕೂರಿಸಿ. ಥ್ರಾಟಲ್ ಮುಟ್ಟಬೇಡಿ. ಕ್ರೂಸ್‌ಗೆ (ಮಾಮೂಲಿ ಸಮ ಹಾರಾಟಕ್ಕೆ) ಟ್ರಿಮ್ ಮಾಡಿ ಹೊಂದಿಸಿರುವ 172, ನೀವು ಕೆಡಿಸದಿದ್ದರೆ, ತಾನೇ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಹೋಗುತ್ತದೆ. ತಿರುವಿನ ವೇಗ ತೋರಿಸುವ ಟರ್ನ್ ಕೋಆರ್ಡಿನೇಟರ್ ಕೂಡ ಅದೇ ಮಾತು ಹೇಳುತ್ತಿದೆಯೇ ನೋಡಿ. ಎರಡೂ ಬೇರೆ ಬೇರೆ ಹೇಳಿದರೆ ವ್ಯಾಕ್ಯೂಮ್ ಗೇಜ್ ಕಡೆ ಒಂದು ಕಣ್ಣು ಹಾಯಿಸಿ, ಆಟಿಟ್ಯೂಡ್ ಇಂಡಿಕೇಟರನ್ನು ನಡೆಸುವ ಪಂಪ್ ಹೋಗಿರಬಹುದು. ಇಷ್ಟಕ್ಕೆ 10 ಸೆಕೆಂಡ್ ಬೇಕು, ಆ 10 ಸೆಕೆಂಡ್ ಕೊಡಿ. ವೇಗದ ಮೀಟರಿನ ಕೊಳವೆ ಹಿಮಗಟ್ಟದ ಹಾಗೆ ಪಿಟೋ ಹೀಟ್ ಆನ್ ಮಾಡಿ. ಆರ್‌ಪಿಎಂ ತಾನಾಗಿ ಇಳಿಯುತ್ತಿದ್ದರೆ ಕಾರ್ಬ್ಯುರೇಟರಿನ ಹಿಮ ಕರಗಿಸುವ ಕಾರ್ಬ್ ಹೀಟ್ ಪೂರ್ತಿ ಎಳೆಯಿರಿ.

ಆಮೇಲೆ ತಿರುವು. ವಾಪಸ್ ಹೋಗುವ ಹೆಡಿಂಗ್‌ಗೆ (ಮೂಗಿನ ದಿಕ್ಕಿಗೆ) ಲೆಕ್ಕ ಹಾಕಬೇಡಿ, ಹೆಡಿಂಗ್ ಇಂಡಿಕೇಟರಿನ ಬುಡದಲ್ಲಿರುವ ಅಂಕಿ ಓದಿಕೊಳ್ಳಿ, ಅಷ್ಟೇ. ಗುಡ್ಡ ಇಲ್ಲದ ಕಡೆಗೆ ತಿರುಗಿ. 95 ನಾಟ್‌ಗೆ 15 ಡಿಗ್ರಿ ಬ್ಯಾಂಕ್ ಅಂದರೆ ಸೆಕೆಂಡಿಗೆ 3 ಡಿಗ್ರಿ, ಸರಿಯಾಗಿ ಒಂದು ನಿಮಿಷದಲ್ಲಿ 180. ಬೇಗ ಮುಗಿಸೋಣ ಅಂತ 30-40ಕ್ಕೆ ಹೋಗಬೇಡಿ. ಬ್ಯಾಂಕ್ ಜಾಸ್ತಿಯಾದಷ್ಟೂ ಮೂಗು ಕೆಳಗೆ ಬೀಳುತ್ತದೆ, ನೀವು ಎಳೆಯುತ್ತೀರಿ, ಸ್ಪೈರಲ್ ಶುರುವಾಗುವುದೇ ಅಲ್ಲಿಂದ. ಕಣ್ಣು ಆಟಿಟ್ಯೂಡ್‌ನಿಂದ ಎತ್ತರ ತೋರಿಸುವ ಆಲ್ಟಿಮೀಟರ್‌ಗೆ, ಮತ್ತೆ ಆಟಿಟ್ಯೂಡ್‌ಗೆ, ಅಲ್ಲಿಂದ ಹೆಡಿಂಗ್‌ಗೆ, ಮತ್ತೆ ಆಟಿಟ್ಯೂಡ್‌ಗೆ ಓಡಾಡುತ್ತಿರಲಿ. ಬೇರೆಲ್ಲೂ ಎರಡು ಸೆಕೆಂಡಿಗಿಂತ ನಿಲ್ಲಬಾರದು. 100-200 ಅಡಿ ಏರುಪೇರಾದರೆ ತಲೆ ಕೆಡಿಸಿಕೊಳ್ಳಬೇಡಿ. ಕೆಳಗೆ ಬಿದ್ದ ಚಾರ್ಟ್ ಹೆಕ್ಕಲು ಬಗ್ಗಿದಿರೋ, ಕಿವಿಯೊಳಗಿನ ದ್ರವ ಒಂದೇ ಸಲಕ್ಕೆ ಎರಡು ದಿಕ್ಕಿಗೆ ಚೆಲ್ಲಾಡಿ ವಿಮಾನ ಪಲ್ಟಿಯಾದ ಹಾಗೆ ಅನಿಸುತ್ತದೆ.

ತಿರುವು ಮುಗಿಸಿ ರೆಕ್ಕೆ ಸಮ ಮಾಡಿದಾಗ ವಿಮಾನ ಎದುರು ದಿಕ್ಕಿಗೆ ವಾಲುತ್ತಿದೆ ಎಂದು ಮೈ ಹೇಳುತ್ತದೆ. ಒಂದೇ ವೇಗದ ತಿರುವಿನಲ್ಲಿ 10-20 ಸೆಕೆಂಡ್ ಕಳೆದರೆ ಕಿವಿಗೆ ಅದು ನೇರ ಹಾರಾಟವೇ, ಹಾಗಾಗಿ ನಿಜವಾದ ನೇರ ಹಾರಾಟ ತಿರುವಿನಂತೆ ಕಾಣಿಸುತ್ತದೆ. ಅಲ್ಲಿ ಮೈ ಮಾತು ಕೇಳಿದರೆ ಮುಗಿಯಿತು.

ಇಷ್ಟೆಲ್ಲದರ ನಡುವೆ ವೇಗ ಏರುತ್ತಿದೆ, ಆಲ್ಟಿಮೀಟರ್ ಸರಸರ ಇಳಿಯುತ್ತಿದೆ, ಎಂಜಿನ್ ಸದ್ದು ಕೀರಲಾಗುತ್ತಿದೆ ಅಂದರೆ ಸ್ಪೈರಲ್. ಮೊದಲು ಥ್ರಾಟಲ್ ಪೂರ್ತಿ ಹಿಂದಕ್ಕೆ, ಆಮೇಲೆ ರೆಕ್ಕೆ ಸಮ, ಕೊನೆಗೆ ಮೆಲ್ಲಗೆ ಎಳೆಯುವುದು. ಕ್ರಮ ತಪ್ಪಬಾರದು. ರೆಕ್ಕೆ ಓರೆ ಇರುವಾಗಲೇ ಎಳೆದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. 172ರ ಕೆಂಪು ಗೆರೆ (ಮೀರಬಾರದ ವೇಗ) 160 ನಾಟ್ ಆಸುಪಾಸು, ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಡ.

172ರ ಹಳೆಯ ಕೈಪಿಡಿಯ ತುರ್ತು ಅಧ್ಯಾಯದಲ್ಲಿ ಮೋಡದಲ್ಲಿ 180 ತಿರುಗುವುದು, ಮೋಡದ ಮೂಲಕ ಇಳಿಯುವುದು, ಸ್ಪೈರಲ್ ಬಿಡಿಸಿಕೊಳ್ಳುವುದು ಮೂರೂ ಇವೆ. ಅಲ್ಲಿ ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಬಿಟ್ಟು ಬರೀ ಕಾಲಿನ ರಡ್ಡರ್‌ನಲ್ಲಿ ತಿರುಗಿಸಿ ಅನ್ನುತ್ತದೆ. ಅದು ವ್ಯಾಕ್ಯೂಮ್ ಹೋಗಿ ಟರ್ನ್ ಕೋಆರ್ಡಿನೇಟರ್ ಒಂದೇ ಉಳಿದಾಗಿನ ದಾರಿ. ಆಟಿಟ್ಯೂಡ್ ಇಂಡಿಕೇಟರ್ ಸರಿ ಇದ್ದರೆ ಮಾಮೂಲಿನಂತೆ ಯೋಕ್ ಹಿಡಿದೇ ತಿರುಗಿಸಿ, ಆದರೆ ಎರಡು ಬೆರಳಲ್ಲಿ. ಮುಷ್ಟಿಯಲ್ಲಿ ಹಿಡಿದವರೆಲ್ಲ ಗೊತ್ತಿಲ್ಲದೆ ಎಳೆಯುತ್ತಿರುತ್ತಾರೆ.

ರೇಡಿಯೋ ತಿರುವು ಮುಗಿದ ಮೇಲೆ.

ಮೋಡಲೆಕ್ಕ

ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಆ ತಿರುವನ್ನು ಮೋಡದ ಹೊರಗೇ ಹಾಕುವ ಹಾಗಿದ್ದರೆ ಕಣ್ಣಿಗೆ ಕಾಣುವ ಮಾಮೂಲಿ ತಿರುವು, ಅಷ್ಟೇ. ಅದಕ್ಕೆ ಹೊರಡುವ ಮೊದಲೇ ಸಂಖ್ಯೆ ಬೇಕು.

ವಾಟ್ಸನ್‌ವಿಲ್‌ನ ಒಂದೇ ಮೆಟಾರ್ (ನಿಲ್ದಾಣದ ಗಂಟೆಗಂಟೆಯ ಹವಾ ವರದಿ) ನೋಡಿ ಹೊರಡಬೇಡಿ, ಹಿಂದಿನ ಮೂರು ಗಂಟೆಯವನ್ನು ಒಂದರ ಕೆಳಗೊಂದು ಇಟ್ಟು ಓದಿ. ತಾಪಮಾನ ಮತ್ತು ಡ್ಯೂಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ) ನಡುವಿನ ಅಂತರವನ್ನು 400ರಿಂದ ಗುಣಿಸಿದರೆ ಮೋಡದ ತಳ ಅಂದಾಜು ಅಡಿಗಳಲ್ಲಿ ಸಿಗುತ್ತದೆ: 16 ಮತ್ತು 13 ಇದ್ದರೆ 1,200 ಅಡಿ. ಮಧ್ಯಾಹ್ನ ಅಂತರ 6, ಆಮೇಲೆ 5, ಈಗ 3 ಅಂದರೆ "ಈಗ ಆಕಾಶ ಖಾಲಿ ಇದೆಯಲ್ಲ" ಅನ್ನುವುದಕ್ಕೆ ಬೆಲೆಯಿಲ್ಲ. ಗಾಳಿ ಕೊಲ್ಲಿಯಿಂದ ಒಳಕ್ಕೆ ಬೀಸುತ್ತಿದ್ದರೆ ಸಂಜೆ ಆ ಪದರ ಬಂದೇ ಬರುತ್ತದೆ. ಬೆಳಗಿನ ಪದರ ಒಳನಾಡಿನ ಅಂಚಿನಿಂದ ಕರಗುತ್ತಾ ಕರಾವಳಿ ಕಡೆ ಸರಿಯುತ್ತದೆ, ಆದ್ದರಿಂದ ಒಳನಾಡಿನ ಹಾಲಿಸ್ಟರ್ ತೆರೆದಿದ್ದರೆ ವಾಟ್ಸನ್‌ವಿಲ್ಲೂ ತೆರೆದಿದೆ ಅಂದುಕೊಳ್ಳಬೇಡಿ. ಟಾಫ್ (ನಿಲ್ದಾಣದ ಹವಾ ಮುನ್ಸೂಚನೆ) ಆ ನಿಲ್ದಾಣದ ಸುತ್ತ 5 ಮೈಲಿಗೆ ಮಾತ್ರ. ನಡುವಿನ ಸಾಂಟಾ ಕ್ರೂಜ್ ಗುಡ್ಡಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ನಿಮ್ಮ ದಾರಿಯ ಪಕ್ಕದಲ್ಲೇ ಲೋಮಾ ಪ್ರಿಯೆಟಾ 3,800 ಅಡಿ ಹತ್ತಿರ ಎದ್ದು ನಿಂತಿದೆ.

ಟ್ಯಾಬ್ಲೆಟ್‌ನಲ್ಲಿ ಬರುವ ರಾಡಾರ್ ಚಿತ್ರ ಇಲ್ಲಿ ಲೆಕ್ಕಕ್ಕೇ ಇಲ್ಲ. ಅದು ಮಳೆ ತೋರಿಸುತ್ತದೆ, ಒಣ ತಗ್ಗು ಮೋಡ ತೋರಿಸುವುದಿಲ್ಲ. ಮಳೆ ಇದ್ದಾಗಲೂ, ಪರದೆ 2 ನಿಮಿಷ ಹಳೆಯದು ಅಂದರೂ ಒಳಗಿನ ಮಾಹಿತಿ 15-20 ನಿಮಿಷ ಹಳೆಯದಿರಬಹುದು.

ಹಾರುವಾಗ ಒಂದು ಗಡಿ ಇಟ್ಟುಕೊಳ್ಳಿ: ಮೋಡಕ್ಕೆ ಜಾಗ ಬಿಡಲು ಒಮ್ಮೆ ಇಳಿದಿರಿ, ಸರಿ. ಎರಡನೇ ಸಲ ಇಳಿಯಬೇಕಾಯಿತು ಅಂದರೆ ಅಲ್ಲೇ ತಿರುಗಿ. ಮೂರನೇ ಸಲದ ಹೊತ್ತಿಗೆ ನೀವು ಟವರ್‌ಗಳ ಎತ್ತರಕ್ಕೆ ಬಂದಿರುತ್ತೀರಿ. 200 ಅಡಿಗಿಂತ ಗಿಡ್ಡ ಟವರ್‌ಗಳಿಗೆ ಸಾಮಾನ್ಯವಾಗಿ ದೀಪವೂ ಇರುವುದಿಲ್ಲ.

ಹೈವಿಂಗ್_ಸ್ಯಾನೋಸೆ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಆ ಪದರ ಹೆಚ್ಚೆಂದರೆ 2,000 ಅಡಿ ಅನ್ನುತ್ತಾರೆ. ಮೇಲೆ ಬಿಸಿಲಲ್ಲಿ ಹಾರಿಕೊಂಡು ಹೋದರೆ ಆಗದೇ? ಮತ್ತೆ ಎಟಿಸಿಗೆ (ನೆಲದ ವಿಮಾನ ನಿಯಂತ್ರಕರಿಗೆ) ಹೇಳಿದರೆ ಲೈಸೆನ್ಸ್ ಕಥೆ?

ಬಲಗಡೆ_ಸೀಟು

ಮೇಲೆ ಹಾರುವುದು ಸುಲಭ, ಕಷ್ಟ ಇರುವುದು ಇಳಿಯುವುದರಲ್ಲಿ. ಇಳಿಯುವ ಕಡೆ ತೂತು ಬಿದ್ದಿದೆ ಎಂದು ಈಗಲೇ ಗೊತ್ತಿರಬೇಕು, ಅಲ್ಲದೆ ತೆರೆದಿರುವ ಒಳನಾಡಿನ ನಿಲ್ದಾಣಕ್ಕೆ ವಾಪಸ್ ಬರುವಷ್ಟು ಇಂಧನ, ಅದರ ಮೇಲೆ ಒಂದು ಗಂಟೆಯದು ಇರಬೇಕು. ಕಾನೂನಿನ 30 ನಿಮಿಷ ಸಾಲದು. ಸಣ್ಣ ತೂತಿನಲ್ಲಿ ಸುತ್ತುತ್ತಾ ಇಳಿಯಲು ಹೋಗಬೇಡಿ, ಕಡಿದಾದ ಬ್ಯಾಂಕ್‌ನಲ್ಲಿರುವಾಗಲೇ ಅದು ಮುಚ್ಚಿಕೊಳ್ಳುತ್ತದೆ.

ಲೈಸೆನ್ಸ್ ಚಿಂತೆ ನೆಲಕ್ಕೆ ಬಂದ ಮೇಲೆ. ತುರ್ತು ಪರಿಸ್ಥಿತಿಯಲ್ಲಿ ಬೇಕಾದಷ್ಟು ಮಟ್ಟಿಗೆ ನಿಯಮ ಮೀರಲು ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ನಿಯಮ 91.3 ಪೈಲಟ್‌ಗೆ ಅಧಿಕಾರ ಕೊಟ್ಟಿದೆ. 10 ದಿನದೊಳಗೆ ನಾಸಾದ ಎಎಸ್‌ಆರ್‌ಎಸ್ (ವಿಮಾನ ಸುರಕ್ಷತಾ ವರದಿ ವ್ಯವಸ್ಥೆ) ವರದಿಯನ್ನೂ ಹಾಕಿ. ಫ್ಲೈಟ್ ಫಾಲೋಯಿಂಗ್‌ನಲ್ಲಿದ್ದರೆ (ಎಟಿಸಿ ನಿಮ್ಮನ್ನು ರಾಡಾರ್‌ನಲ್ಲಿ ಗಮನಿಸುತ್ತಿದ್ದರೆ) ಆ ಭಾಗದ ಎಟಿಸಿ ನಾರ್ಕಾಲ್ ಅಪ್ರೋಚ್ ಆಗಲೇ ಕಿವಿಯಲ್ಲಿರುತ್ತದೆ, ಇಲ್ಲದಿದ್ದರೆ ತುರ್ತು ಫ್ರೀಕ್ವೆನ್ಸಿ 121.5 ಮತ್ತು ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700. ಸುತ್ತಿಬಳಸದೆ ನಾಲ್ಕು ಮಾತು ಹೇಳಿ: ವಿಎಫ್‌ಆರ್ (ಹೊರಗೆ ಕಣ್ಣಿಂದ ನೋಡಿ ಹಾರಿಸುವ) ಪೈಲಟ್, ಮೋಡದಲ್ಲಿದ್ದೇನೆ, ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲ, ಸಹಾಯ ಬೇಕು. ಹೆಡಿಂಗ್ ಇಂಡಿಕೇಟರ್ ಕೆಟ್ಟಿದೆ ಎಂದರೆ ಅವರೇ "ತಿರುವು ಶುರುಮಾಡಿ, ನಿಲ್ಲಿಸಿ" ಎಂದು ಹೇಳಿ ತಿರುಗಿಸುತ್ತಾರೆ. ಆಗ ಫ್ರೀಕ್ವೆನ್ಸಿ ಬದಲಿಸಿ ಎಂದರೆ ಆಗುವುದಿಲ್ಲ ಅನ್ನಿ, ಒಪ್ಪುತ್ತಾರೆ.

ಮೋಡಲೆಕ್ಕ

ಒಂದು ಸೇರಿಸುತ್ತೇನೆ. ಮೋಡವೇ ಇಲ್ಲದೆಯೂ ಇದು ಆಗುತ್ತದೆ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ಅವರ ಪೈಪರ್ ಸರಟೋಗಾ ಮಾರ್ಥಾಸ್ ವಿನ್ಯಾರ್ಡ್ ಬಳಿ ಸಮುದ್ರಕ್ಕೆ ಬಿದ್ದಾಗ ಅದು ವಿಎಫ್‌ಆರ್ ಹಾರಾಟವೇ ಆಗಿತ್ತು. ಕೆಳಗೆ ಕಪ್ಪು ನೀರು, ಸುತ್ತ ಮಬ್ಬು. ದಿಕ್ಕು ತಪ್ಪಿ ನಿಯಂತ್ರಣ ಕಳೆದುಕೊಂಡದ್ದೇ ಕಾರಣ ಎಂದು ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು. ಮಾಂಟೆರೆ ಕೊಲ್ಲಿಯನ್ನು ಸಂಜೆ ಅಡ್ಡ ದಾಟುವ ಬದಲು ದಡದ ದೀಪ ಹಿಡಿದು ಹೋಗಿ.

ಜಕ್ಕೂರು_08

ಇಲ್ಲಿ ಬೆಂಗಳೂರಿನಿಂದ ಓದುವವರಿಗೆ ಎರಡು ಮಾತು. ನಮ್ಮಲ್ಲಿ ವಿಎಫ್‌ಆರ್‌ಗೆ 5 ಕಿ.ಮೀ. ಗೋಚರತೆ ಬೇಕು, ಕಂಟ್ರೋಲ್ ಜೋನ್‌ನಲ್ಲಿ (ನಿಲ್ದಾಣದ ಸುತ್ತಲಿನ ನಿಯಂತ್ರಿತ ವಲಯ) 1,500 ಅಡಿ ಸೀಲಿಂಗ್ (ಮೋಡದ ತಳದ ಎತ್ತರ) ಬೇಕು. ಸೂರ್ಯಾಸ್ತದ 20 ನಿಮಿಷದ ನಂತರ, ಎಟಿಸಿ ವಿನಾಯಿತಿ ಕೊಟ್ಟರೆ ಮಾತ್ರ. ನಮ್ಮ ನಿಜವಾದ ತೊಂದರೆ ಪಶ್ಚಿಮ ಘಟ್ಟ. ಪಡುವಣ ಗಾಳಿಗೆ ಮೋಡ ಇಳಿಜಾರಿಗೆ ಅಂಟಿಕೊಂಡು ನಿಲ್ಲುತ್ತದೆ, ಪೂರ್ವದಿಂದ ಹೋಗುವವರಿಗೆ ಬೆಟ್ಟದ ನೆತ್ತಿ ದಾಟುವವರೆಗೂ ಕಾಣುವುದೇ ಇಲ್ಲ. ನೆತ್ತಿಯನ್ನು ನೇರ ಅಡ್ಡಹಾಯಬೇಡಿ, 45 ಡಿಗ್ರಿ ಓರೆಯಲ್ಲಿ ಹೋಗಿ, ಆಗ ವಾಪಸ್ ಬರಲು 90 ಡಿಗ್ರಿ ತಿರುಗಿದರೆ ಸಾಕು. ಕಣಿವೆಯಲ್ಲಾದರೆ ನಡುವೆ ಹಾರದೆ ಒಂದು ಬದಿ ಹಿಡಿಯಿರಿ. 95 ನಾಟ್, 15 ಡಿಗ್ರಿಯಲ್ಲಿ ತಿರುಗಲು 1.8 ಕಿ.ಮೀ. ಅಗಲ ಬೇಕು. ಹೊರಗೆ ಕಾಣುತ್ತಿರುವಾಗಲೇ 75 ನಾಟ್‌ಗೆ ಇಳಿದು 30 ಡಿಗ್ರಿ ಹಾಕಿದರೆ ಅರ್ಧ ಕಿ.ಮೀ.ಯಲ್ಲಿ ಮುಗಿಯುತ್ತದೆ. ಇದು ಹೊಸಬರ ಸಮಸ್ಯೆ ಅಂದುಕೊಳ್ಳಬೇಡಿ: 2021ರ ಡಿಸೆಂಬರ್ 8ರಂದು ಕೂನೂರು ಬಳಿ ಬಿದ್ದ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ ಕೂಡ ಕಣಿವೆಯ ಹವೆ ಹಠಾತ್ತನೆ ಬದಲಾಗಿ ಮೋಡ ಹೊಕ್ಕಿದ್ದರಿಂದಲೇ ಬಿದ್ದದ್ದು ಎಂದು ತನಿಖೆ ಹೇಳಿತು.

ಬಲಗಡೆ_ಸೀಟು

ಪ್ರಶ್ನೆ ಕೇಳಿದವರಿಗೆ: ಲೈಸೆನ್ಸ್‌ಗೆ ಮಾಡಿದ 3 ಗಂಟೆ ಮೀಟರು ಅಭ್ಯಾಸ ಆರು ತಿಂಗಳಲ್ಲಿ ಆವಿಯಾಗುತ್ತದೆ. ಯಾವುದಾದರೂ ಇನ್‌ಸ್ಟ್ರಕ್ಟರ್ ಜೊತೆ ಒಂದು ಗಂಟೆ ಫಾಗಲ್ಸ್ (ಹೊರಗೆ ಕಾಣದ ಹಾಗೆ ಮಾಡುವ ಕನ್ನಡಕ) ಹಾಕಿ ಹಾರಿ. ಯಾವಾಗ ಹಾಕಬೇಕೆಂದು ನೀವು ನಿರ್ಧರಿಸಬೇಡಿ, ಚಾರ್ಟ್ ಮಡಚುತ್ತಿರುವಾಗಲೋ ರೇಡಿಯೋ ತಿರುಗಿಸುತ್ತಿರುವಾಗಲೋ ಅವರೇ "ಈಗ" ಅನ್ನಲಿ. ಒಂದು ಸುತ್ತು ಆಟಿಟ್ಯೂಡ್ ಇಂಡಿಕೇಟರ್ ಮುಚ್ಚಿಯೂ ಮಾಡಿ. ಮುಚ್ಚಲು ರಬ್ಬರ್ ಸಕ್ಷನ್ ಬಿಲ್ಲೆ ಸಿಗುತ್ತದೆ, ಅಂಟುಚೀಟಿಯಾದರೂ ನಡೆಯುತ್ತದೆ.