ತೇಜಸ್ ಅಳತೆಯ ಕಾಕ್‌ಪಿಟ್: ಕ್ಯಾನೊಪಿಗೆ ಯಾವ ಶೀಟು, ಹಡ್ ಗಾಜಿನಲ್ಲಿ ಎರಡೆರಡು ಗೆರೆ ಯಾಕೆ?

ಭೋಸರಿ_ಬಸು:
ನಮಸ್ಕಾರ್ರೀ. ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕ್ಲಬ್ಬಿಗೆ ತೇಜಸ್ ಅಳತೆಯ ಕಾಕ್‌ಪಿಟ್ ಸಿಮ್ಯುಲೇಟರ್ ತಯಾರಾಗ್ತಿದೆ. ಚೌಕಟ್ಟು ಮುಗಿದಿದೆ. ಕ್ಯಾನೊಪಿ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಮತ್ತು ಹಡ್ (ಹಾರಾಟದ ಚಿಹ್ನೆಗಳನ್ನು ಪೈಲಟ್ ಕಣ್ಣೆದುರೇ ತೋರಿಸುವ ಗಾಜು) ಹತ್ತಿರ ಬಂದು ಕೆಲಸ ನಿಂತಿದೆ.

4 ಮಿ.ಮೀ. ಪಾಲಿಕಾರ್ಬೊನೇಟ್ ಶೀಟನ್ನು ಓವನ್ನಿನಲ್ಲಿ ಕಾಯಿಸಿದರೆ ಮೈತುಂಬ ಗುಳ್ಳೆ ಏಳ್ತಿವೆ. ಆಕ್ರಿಲಿಕ್‌ಗೆ ಹೋಗಬೇಕೋ? ನಿಜವಾದ ವಿಮಾನದಲ್ಲಿ ಯಾವುದಿರ್ತದೆ? ಫೋಟೊಗಳಲ್ಲಿ ಕ್ಯಾನೊಪಿ ಮೇಲೆ ಹಾವು ಹರಿದಂಗೆ ಒಂದು ಗೆರೆ ಕಾಣ್ತದಲ್ಲ, ಅದು ಹೀಟರ್ರೋ ಆಂಟೆನಾನೋ?

ಹಡ್‌ಗೆ ಕೆಳಗೆ ಮಾನಿಟರ್ ಮಲಗಿಸಿ ಮೇಲೆ 45 ಡಿಗ್ರಿಗೆ 3 ಮಿ.ಮೀ. ಗಾಜು ಇಟ್ಟರೆ ಪ್ರತಿ ಗೆರೆಯೂ ಎರಡೆರಡು ಕಾಣ್ತದೆ. ತಲೆ ಸ್ವಲ್ಪ ಸರಿಸಿದರೆ ಸಾಕು, ಚಿಹ್ನೆಗಳು ರನ್‌ವೇ ಬಿಟ್ಟು ಓಡಿಹೋಗ್ತವೆ. ಅಮೆರಿಕದ ಯುದ್ಧವಿಮಾನ ಎಫ್-35ರಲ್ಲಿ ಹಡ್ಡೇ ಇಲ್ಲವಂತೆ. ಹಾಗಾದರೆ ಇದನ್ನು ಬಿಟ್ಟರೂ ನಡೆದೀತೇ? ಮುಂದೆ ಪ್ರೊಜೆಕ್ಟರ್ ಪರದೆ ಎರಡೂವರೆ ಮೀಟರ್ ದೂರದಲ್ಲಿದೆ.

ಡೊಂಬಿವಲಿ_ಶೀಟ್‌ವಾಲಾ:
ಗುಳ್ಳೆಗೆ ಕಾರಣ ನೀರು. ಪಾಲಿಕಾರ್ಬೊನೇಟ್ ಗಾಳಿಯ ತೇವ ಹೀರಿಕೊಂಡು ಕೂತಿರುತ್ತದೆ, ನಮ್ಮ ಕಡೆ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಗ್ಗಿಸುವಷ್ಟು ಬಿಸಿ, ಅಂದರೆ 170–190 ಡಿಗ್ರಿ, ಮುಟ್ಟಿದಾಗ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಮೊದಲು ಎರಡೂ ಕಡೆಯ ರಕ್ಷಣಾ ಹಾಳೆ ಕಿತ್ತು, ಶೀಟುಗಳ ನಡುವೆ ಗಾಳಿ ಆಡುವಂತೆ ನೇತುಹಾಕಿ, 120–125 ಡಿಗ್ರಿಯಲ್ಲಿ ಒಣಗಿಸಬೇಕು. 3 ಮಿ.ಮೀ.ಗೆ 4ರಿಂದ 6 ಗಂಟೆ ಹಿಡಿಯುತ್ತದೆ, 6 ಮಿ.ಮೀ.ಗೆ ಹೆಚ್ಚುಕಡಿಮೆ ಇಡೀ ದಿನ. ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಎಂದು ಹಿಡಿಯಿರಿ. ಒಣಗಿದ್ದನ್ನು ಆರಲು ಬಿಡದೆ ನೇರ ಅಚ್ಚಿಗೆ ಹಾಕಬೇಕು. ಒಣಗಿಸಿ ಎರಡು ದಿನ ಗೋಡೆಗೆ ಒರಗಿಸಿಟ್ಟರೆ ಮತ್ತೆ ಅದೇ ಕತೆ.

ನಿಮ್ಮ ಕೆಲಸಕ್ಕೆ ನನ್ನ ಮತ ಎರಕದ ಆಕ್ರಿಲಿಕ್, 4 ಮಿ.ಮೀ. ಅದು 150–170 ಡಿಗ್ರಿಯಲ್ಲಿ ಬಾಗುತ್ತದೆ, ಗೀರು ಬಿದ್ದರೆ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಬಹುದು. ಪಾಲಿಕಾರ್ಬೊನೇಟ್ ಸುತ್ತಿಗೆ ಏಟು ತಾಳುತ್ತದೆ, ಆದರೆ ಒರಟು ಬಟ್ಟೆಗೇ ಗೀರು ಬೀಳುತ್ತದೆ. ಅಚ್ಚಿನ ಮೈಗೆ ಮೆತ್ತನೆಯ ಫ್ಲಾನೆಲ್ ಎಳೆದು ಕಟ್ಟಿ. ಇಲ್ಲದಿದ್ದರೆ ಪ್ಲಾಸ್ಟರ್‌ನ ಪ್ರತಿ ಮರಳುಕಾಳೂ ಶೀಟಿನ ಮೇಲೆ ಅಚ್ಚೊತ್ತುತ್ತದೆ. ತಣಿಸಲು ಫ್ಯಾನ್ ಗಾಳಿ ಬೇಡ, ತಾನಾಗಿ ತಣಿಯಲಿ. ಆಮೇಲೆ 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ನಿಧಾನ ಇಳಿಸಿದರೆ ಒಳಗಿನ ಬಿಗಿತ ಬಿಡುತ್ತದೆ. ಆ ಬಿಗಿತ ಉಳಿದ ಆಕ್ರಿಲಿಕ್‌ಗೆ ಥಿನ್ನರ್, ಸ್ಪಿರಿಟ್, ಅಮೋನಿಯಾ ಇರುವ ಗಾಜಿನ ಸ್ಪ್ರೇ ಸೋಕಿದರೆ ಕೂದಲೆಳೆ ಬಿರುಕುಗಳ ಜಾಲ ಮೂಡುತ್ತದೆ. ಮೂಡಿದ ಮೇಲೆ ಮದ್ದಿಲ್ಲ. ತೊಳೆಯಲು ನೀರು, ಸೌಮ್ಯ ಸೋಪು, ಹತ್ತಿ ಬಟ್ಟೆ ಸಾಕು.

ತೂತು ಕೊರೆಯುವಾಗ ಒಂದು ಲೆಕ್ಕ: ಎರಡೂ ಪ್ಲಾಸ್ಟಿಕ್ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತವೆ. ಒಂದೂವರೆ ಮೀಟರ್ ಶೀಟು, 30 ಡಿಗ್ರಿ ಏರಿಳಿತ: 3 ಮಿ.ಮೀ. ದಾಟಿತು. ಹಾಗಾಗಿ ಉದ್ದುದ್ದ ತೂತು, ರಬ್ಬರ್ ವಾಷರ್, ಬೋಲ್ಟು ಕೈಬಿಗಿ. ಬೋಲ್ಟು ಸಡಿಲವಾಗದಂತೆ ಅದರ ಥ್ರೆಡ್ಡಿಗೆ ಹಾಕುವ ಲಾಕಿಂಗ್ ಅಂಟನ್ನು ಪಾಲಿಕಾರ್ಬೊನೇಟ್ ಹತ್ತಿರ ತರಲೇಬೇಡಿ, ತೂತಿನ ಸುತ್ತ ಸೀಳುತ್ತದೆ.

ಲೋಹಗಾಂವ್_ರೀಡರ್:
ಹಾವಿನ ಗೆರೆ ಹೀಟರ್ರೂ ಅಲ್ಲ, ಆಂಟೆನಾವೂ ಅಲ್ಲ. ಸೀಸದ ಕವಚದೊಳಗೆ ಸ್ಫೋಟಕ ತುಂಬಿದ ಸಣ್ಣ ಹುರಿ ಅದು. ಅಪಾಯದಲ್ಲಿ ಸೀಟಿನ ಸಮೇತ ಹೊರಗೆ ಚಿಮ್ಮಲು ಪೈಲಟ್ ಸೀಟಿನ ಹಿಡಿ ಎಳೆದ ಕೂಡಲೇ ಹುರಿ ಸಿಡಿದು ಆಕ್ರಿಲಿಕ್ಕನ್ನು ಚೂರು ಮಾಡುತ್ತದೆ, ಸೀಟು ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಸೀಸದ ತುಣುಕುಗಳು ಒಳಗೂ ಎರಚುತ್ತವೆ. ಮುಖದ ವೈಸರ್ ಇಳಿಸಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಹುರಿ ಕೈಕೊಟ್ಟರೆ ಎಂದು ಇಂಥ ಸೀಟುಗಳ ತಲೆಯ ಮೇಲೆ ಗಾಜೊಡೆಯುವ ಕೊಂಬುಗಳಿರುತ್ತವೆ. ತೇಜಸ್‌ನ ಈ ವ್ಯವಸ್ಥೆ ನಿಮ್ಮೂರಿನದೇ, ಪಾಷಾಣ್‌ನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಎಆರ್‌ಡಿಇಯ ಕೆಲಸ. ಹಾರಾಟದಲ್ಲಿ ಹೊರಬರುವುದಕ್ಕೆ ಒಂದು, ನೆಲದ ಮೇಲೆ ಸಿಕ್ಕಿಕೊಂಡರೆ ಇನ್ನೊಂದು, ಹೀಗೆ ಎರಡು ದಾರಿ ಅದರಲ್ಲಿವೆ. 2025ರ ಡಿಸೆಂಬರ್‌ನಲ್ಲಿ ಚಂಡೀಗಢದ ರಾಕೆಟ್ ಹಳಿಯ ಮೇಲೆ ತೇಜಸ್‌ನ ಮೂತಿಭಾಗವನ್ನು ಗಂಟೆಗೆ 800 ಕಿ.ಮೀ. ವೇಗದಲ್ಲಿ ಓಡಿಸಿ ಕ್ಯಾನೊಪಿ ಒಡೆಯುವುದರಿಂದ ಹಿಡಿದು ಪೈಲಟ್ ಗೊಂಬೆ ಇಳಿಯುವವರೆಗೆ ಇಡೀ ಸರಣಿಯನ್ನು ಪರೀಕ್ಷಿಸಿದರು.

ಇನ್ನು "ನಿಜವಾದ ವಿಮಾನದಲ್ಲಿ ಯಾವುದು" ಎಂಬ ಪ್ರಶ್ನೆ. ಪಾರದರ್ಶಕತೆಯ ಮಾತು ಆಮೇಲಿನದು. ಹಕ್ಕಿ ಎಲ್ಲಿಗೆ ಬಡಿಯುತ್ತದೆ, ಪೈಲಟ್ ಹೇಗೆ ಹೊರಗೆ ಬರುತ್ತಾನೆ, ಈ ಎರಡರ ಮೇಲೆ ಶೀಟು ನಿರ್ಧಾರ ಆಗುತ್ತದೆ. ತೇಜಸ್‌ನಲ್ಲಿ ಮುಂದೆ ಸ್ಥಿರವಾದ ವಿಂಡ್‌ಸ್ಕ್ರೀನ್ ಬೇರೆ, ಕಮಾನಿನ ಹಿಂದೆ ಪಕ್ಕಕ್ಕೆ ತೆರೆಯುವ ಕ್ಯಾನೊಪಿ ಬೇರೆ. ಹಕ್ಕಿಯ ಪೆಟ್ಟು ದಪ್ಪನೆಯ ವಿಂಡ್‌ಸ್ಕ್ರೀನ್ ಪಾಲಿಗೆ. ಕ್ಯಾನೊಪಿ ತೆಳ್ಳಗಿದ್ದು ಸುಲಭವಾಗಿ ಒಡೆಯಬಹುದು. ಎಫ್-16ರಲ್ಲಿ ಪೈಲಟ್ ಮುಂದೆ ಕಮಾನೇ ಇಲ್ಲ, ಗುಳ್ಳೆಯಾಕಾರದ ಒಂದೇ ಕ್ಯಾನೊಪಿ ಹಕ್ಕಿಯನ್ನೂ ತಡೆಯಬೇಕು. ಆದ್ದರಿಂದ ಪಾಲಿಕಾರ್ಬೊನೇಟ್. ಅದನ್ನು ಸೀಟು ತೂರಿ ಹೋಗಲಾರದು, ಮೊದಲು ರಾಕೆಟ್ಟಿನಿಂದ ಇಡೀ ಕ್ಯಾನೊಪಿ ಕಿತ್ತೆಸೆದು ಆಮೇಲೆ ಸೀಟು ಹೊರಡಬೇಕು. ಎಫ್-22ರದೂ ಇದೇ ಜಾತಿ: ಸುಮಾರು 9.5 ಮಿ.ಮೀ.ಯ ಎರಡು ಪಾಲಿಕಾರ್ಬೊನೇಟ್ ಹಾಳೆಗಳನ್ನು ಕರಗಿಸಿ ಒಂದಾಗಿಸಿ ಅಚ್ಚಿಗೆ ಹೊದಿಸಿದ್ದು. ಕಿತ್ತೆಸೆಯಲು ಸೆಕೆಂಡಿನ ಒಂದು ಪಾಲು ಹೋಗುತ್ತದೆ. ಹ್ಯಾರಿಯರ್‌ನಂತೆ ನೆಲದ ಹತ್ತಿರ ತೇಲುವ ವಿಮಾನಕ್ಕೆ ಅಷ್ಟು ಪುರುಸೊತ್ತಿಲ್ಲ, ಅದಕ್ಕೇ ಅಲ್ಲಿ ಹುರಿ. ಎಫ್-35 ನಡುದಾರಿ ಹಿಡಿದಿದೆ: ಹೊರಗಿನಿಂದ ಒಂದೇ ತುಂಡು, ಒಳಗೆ ಆಸರೆಗೆ ಕಮಾನು, ಒಡೆಯಲು ಸ್ಫೋಟಕ ಪಟ್ಟಿ. ಮುಂದಕ್ಕೆ ತೆರೆಯುವುದರಿಂದ ಕ್ಯಾನೊಪಿ ಬಿಚ್ಚದೆ ಸೀಟು ಹೊರತೆಗೆಯಬಹುದು, ಹ್ಯಾಂಗರಿನಲ್ಲಿ ಕೆಲಸ ಮಾಡುವವರಿಗೆ ಅದು ದೊಡ್ಡ ಉಪಕಾರ.

ಬಿಸಿಯ ಲೆಕ್ಕವೂ ಸೇರುತ್ತದೆ. 11 ಕಿ.ಮೀ. ಎತ್ತರದಲ್ಲಿ ಹೊರಗೆ ಮೈನಸ್ 56 ಡಿಗ್ರಿ, ಮ್ಯಾಕ್ 1.6ರಲ್ಲಿ, ಅಂದರೆ ಶಬ್ದದ 1.6 ಪಟ್ಟು ವೇಗದಲ್ಲಿ, ಎದುರು ಬಂದು ನಿಂತ ಗಾಳಿ 54 ಡಿಗ್ರಿ ಮುಟ್ಟುತ್ತದೆ, ಮ್ಯಾಕ್ 2ರಲ್ಲಿ 117. ಆಕ್ರಿಲಿಕ್ 100ರ ಆಸುಪಾಸಿನಲ್ಲೇ ಮೆದುವಾಗುತ್ತದೆ, ಪಾಲಿಕಾರ್ಬೊನೇಟ್ 145ರವರೆಗೆ ತಡೆಯುತ್ತದೆ.

ನಿಮ್ಮ ಮಾದರಿಗೆ: ಗೆರೆ ಕ್ಯಾನೊಪಿಯ ಒಳಮೈಗೆ ಬರಬೇಕು, ಹೊರಗೆ ಅಂಟಿಸಿದರೆ ಬಲ್ಲವರು ನಗುತ್ತಾರೆ. ಸೀಸದ ಬೂದು ಬಣ್ಣದ ವಿನೈಲ್ ಪಟ್ಟಿ ಸಾಕು. ಪ್ರತಿ ವಿಮಾನದ ವಿನ್ಯಾಸ ಬೇರೆ, ತೇಜಸ್ ಫೋಟೊ ನೋಡಿಯೇ ಎಳೆಯಿರಿ. ಬೀದರಿನ ಹಾಕ್ ತರಬೇತಿ ವಿಮಾನದ ಗೆರೆಯನ್ನು ನಕಲು ಮಾಡಬೇಡಿ. ಹುರಿ ಹತ್ತಿರದಿಂದ ಹೇಗಿರುತ್ತದೆ ನೋಡಬೇಕೆಂದರೆ ಗೋವಾ ಬೋಗ್ಮಾಳೊದ ನೌಕಾ ವಿಮಾನ ಸಂಗ್ರಹಾಲಯದ ಸೀ ಹ್ಯಾರಿಯರ್ ನೋಡಿ.

ವಾಸ್ಕೊ_ಲೆನ್ಸ್:
ಹಡ್ ಬಗ್ಗೆ ನಾನು. ನಿಮ್ಮದು ಹಡ್ ಅಲ್ಲ, ಕನ್ನಡಿ. ಮಾನಿಟರಿನ ಬಿಂಬ ಕಣ್ಣಿನಿಂದ 70 ಸೆಂ.ಮೀ. ದೂರದಲ್ಲೇ ನಿಂತಿದೆ, ತಲೆ 5 ಸೆಂ.ಮೀ. ಸರಿದರೆ ಅದು 4 ಡಿಗ್ರಿ ಜಾರುತ್ತದೆ. ನಿಜವಾದ ಹಡ್‌ನಲ್ಲಿ ಪರದೆಗೂ ಗಾಜಿಗೂ ನಡುವೆ ಲೆನ್ಸ್ ಇದೆ. ಪರದೆ ಲೆನ್ಸಿನ ಸಂಗಮದೂರದಲ್ಲಿ ಕೂತಿರುವುದರಿಂದ ಕಿರಣಗಳು ಸಮಾಂತರವಾಗಿ ಬರುತ್ತವೆ, ಬಿಂಬ ದಿಗಂತದಾಚೆ ಇದ್ದಂತೆ ಕಾಣುತ್ತದೆ.

300 ಮಿ.ಮೀ. ಸಂಗಮದೂರದ ಫ್ರೆನೆಲ್ ಲೆನ್ಸ್ (ಉಂಗುರದಂಥ ಗೀರುಗಳಿರುವ ಚಪ್ಪಟೆ ಲೆನ್ಸ್) ತನ್ನಿ, 7 ಇಂಚಿನ ಪ್ರಖರ ಪರದೆ ಕೆಳಗಿಡಿ. ಆದರೆ ಪೂರ್ತಿ 300ಕ್ಕೆ ಇಡಬೇಡಿ! ನಿಮ್ಮ ರನ್‌ವೇ ಅನಂತದಲ್ಲಿಲ್ಲ, ಎರಡೂವರೆ ಮೀಟರ್ ದೂರದ ಬಟ್ಟೆಯ ಮೇಲಿದೆ. ಬಿಂಬವೂ ಅಲ್ಲೇ ಬೀಳಬೇಕೆಂದರೆ ಲೆನ್ಸಿನಿಂದ ಪರದೆಗೆ ಸುಮಾರು 268 ಮಿ.ಮೀ. ಸರಿಪಡಿಸುವ ಕ್ರಮ ಸುಲಭ: ಪ್ರೊಜೆಕ್ಟರ್ ಬಟ್ಟೆಯ ಮೇಲೆ ಒಂದು ಗುರುತು ಹಾಕಿ, ಚಿಹ್ನೆ ಅದರ ಮೇಲೆ ಕೂರಿಸಿ, ತಲೆ ಎಡಬಲ ಆಡಿಸಿ. ಚಿಹ್ನೆ ತಲೆಯ ಎದುರು ದಿಕ್ಕಿಗೆ ಓಡಿದರೆ ಬಿಂಬ ಹತ್ತಿರ ಬಿದ್ದಿದೆ, ಪರದೆಯನ್ನು ಲೆನ್ಸಿನಿಂದ ದೂರ ಸರಿಸಿ. ತಲೆಯ ಜೊತೆಗೇ ಬಂದರೆ ಹತ್ತಿರ ತನ್ನಿ. ಅಳತೆಗೆ, ಪರದೆಯ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 5 ಮಿ.ಮೀ.

ಎರಡು ಗೆರೆಯ ಕಾಯಿಲೆಯೂ ಇದರಿಂದಲೇ ವಾಸಿ. 3 ಮಿ.ಮೀ. ಗಾಜಿನ ಮುಂದಿನ ಮೈ, ಹಿಂದಿನ ಮೈ ಎರಡೂ ಪ್ರತಿಫಲಿಸುತ್ತವೆ. ಬಿಂಬಗಳ ನಡುವೆ 2.3 ಮಿ.ಮೀ. ಅಂತರ. 70 ಸೆಂ.ಮೀ.ನಲ್ಲಿ ಅದು ಎದ್ದು ಕಾಣುತ್ತದೆ, ಎರಡೂವರೆ ಮೀಟರಿನಲ್ಲಿ ಗೆರೆ ಕೊಂಚ ದಪ್ಪ ಅನಿಸೀತು ಅಷ್ಟೇ. ಗಾಜಿನ ಬದಲು ಆಕ್ರಿಲಿಕ್ ಹಾಕಬೇಡಿ, ಅದರ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ.

ಚಿತ್ರ ಮಂಕಾಗಿದ್ದರೆ ಬಲ್ಬಿನ ಮೇಲೆ ದೂರು ಹಾಕುವ ಮೊದಲು ಪರದೆಯನ್ನು 90 ಡಿಗ್ರಿ ತಿರುಗಿಸಿ ನೋಡಿ. ಎಲ್‌ಸಿಡಿ ಬೆಳಕು ಪೋಲರೈಸ್ ಆಗಿರುತ್ತದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. 45 ಡಿಗ್ರಿ ಗಾಜಿನ ಒಂದು ಮೈ ಒಂದು ದಿಕ್ಕಿನದನ್ನು ಶೇ. 9ರಷ್ಟು ಹಿಂದಿರುಗಿಸಿದರೆ ಇನ್ನೊಂದು ದಿಕ್ಕಿನದನ್ನು ಶೇ. 1ಕ್ಕಿಂತ ಕಡಿಮೆ.

ಹಡ್ ಬಿಡಬೇಡಿ. ಎಫ್-35 ಅದನ್ನು ಬಿಟ್ಟದ್ದು ಹೆಲ್ಮೆಟ್ಟಿನ ವೈಸರ್‌ಗೆ ಎಲ್ಲವನ್ನೂ ಸಾಗಿಸಿದ್ದರಿಂದ, ಮೈಸುತ್ತ ಇರುವ ಆರು ಕ್ಯಾಮೆರಾಗಳ ಚಿತ್ರವೂ ಸೇರಿ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಎಲ್‌ಸಿಡಿ ಹಿಂಬೆಳಕು ಸೋರಿ ಕತ್ತಲಲ್ಲಿ ಹಡಗಿನ ಮೇಲೆ ಇಳಿಯುವಾಗ ಕಣ್ಣ ಮುಂದೆ ಹಸಿರು ಮಬ್ಬು ಕವಿಯುತ್ತಿತ್ತು, ಹಿಂಬೆಳಕೇ ಬೇಡದ ಒಎಲ್‌ಇಡಿಗೆ ಬದಲಾಯಿಸಬೇಕಾಯಿತು. ಹೆಲ್ಮೆಟ್ ಭಾರದಿಂದ ಕುತ್ತಿಗೆಗೆ ಅಪಾಯವೆಂದು 2015ರಲ್ಲಿ 136 ಪೌಂಡ್, ಅಂದರೆ 62 ಕಿಲೋಗಿಂತ ಹಗುರ ಪೈಲಟ್‌ಗಳನ್ನು ಹಾರಿಸುವುದನ್ನೇ ನಿಲ್ಲಿಸಿದ್ದರು. ತೇಜಸ್‌ನಲ್ಲಿ ಚಂಡೀಗಢದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಒ ರೂಪಿಸಿದ ಹಡ್ಡೂ ಇದೆ, ಗುರಿ ತೋರಿಸುವ ಹೆಲ್ಮೆಟ್ಟೂ ಇದೆ.

ತೇಜಸ್‌ನಲ್ಲಿ ಹಡ್ ಕೆಳಗಿರುವ ಮೂರು 5×5 ಇಂಚಿನ ಪರದೆಗಳಿಗೆ ಮೂರು ಮಾನಿಟರ್ ಕೊಳ್ಳುವುದು ದಂಡ. 24 ಇಂಚಿನ ಒಂದೇ ಮಾನಿಟರ್ ಮುಂದೆ 127 ಮಿ.ಮೀ.ಯ ಮೂರು ಚೌಕ ಕೊರೆದ ಫಲಕ ನಿಲ್ಲಿಸಿ. ಅದರ ನೋಟ 531×299 ಮಿ.ಮೀ., ಸುತ್ತ ಗುಂಡಿಗಳಿಗೂ ಜಾಗ ಉಳಿಯುತ್ತದೆ. ಫಲಕದ ಮೇಲ್ಭಾಗಕ್ಕೆ ಹೊಳಪಿಲ್ಲದ ಕಪ್ಪು ಬಟ್ಟೆ ಅಂಟಿಸಿ, ಇಲ್ಲದಿದ್ದರೆ ಅದೆಲ್ಲ ಕ್ಯಾನೊಪಿಯ ಒಳಮೈಯಲ್ಲಿ ತೇಲುತ್ತದೆ.

ಭೋಸರಿ_ಬಸು:
ಎಲ್ಲರಿಗೂ ಶರಣ್ರೀ. ವಿಂಡ್‌ಸ್ಕ್ರೀನ್ 6 ಮಿ.ಮೀ. ಪಾಲಿಕಾರ್ಬೊನೇಟ್, ಕ್ಯಾನೊಪಿ 4 ಮಿ.ಮೀ. ಆಕ್ರಿಲಿಕ್ ಮಾಡಿದರೆ ನಡೀತದಲ್ಲ? ತೆರೆಯೋದಕ್ಕೆ ಮೋಟಾರ್ ಹಾಕುವ ವಿಚಾರ ಇದೆ.

ಡೊಂಬಿವಲಿ_ಶೀಟ್‌ವಾಲಾ:
ವಿಂಡ್‌ಸ್ಕ್ರೀನಿಗೂ 4 ಮಿ.ಮೀ. ಆಕ್ರಿಲಿಕ್ಕೇ ಸಾಕು, ಕಾಲೇಜಿನೊಳಗೆ ಯಾವ ಹಕ್ಕಿ ಬಂದು ಬಡಿಯುತ್ತದೆ? 6 ಮಿ.ಮೀ. ಒಣಗಿಸುವ ಕರೆಂಟ್ ಬಿಲ್ಲು ಉಳಿಯುತ್ತದೆ. ಮೋಟಾರ್ ಬೇಡ. 1.5×1.2 ಮೀಟರಿನ 4 ಮಿ.ಮೀ. ಆಕ್ರಿಲಿಕ್ ಎಂಟೂವರೆ ಕಿಲೋ, ಚೌಕಟ್ಟು ಬೇರೆ. ಎರಡು ಗ್ಯಾಸ್ ಸ್ಟ್ರಟ್ (ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥ ಕೊಳವೆ), ಜೊತೆಗೆ ಕೈಯಲ್ಲಿ ಸಿಕ್ಕಿಸುವ ಒಂದು ಆಸರೆ ಸರಳು ಇರಲಿ, ಸ್ಟ್ರಟ್ ಸೋರಿದ ದಿನ ಹುಡುಗರ ಬೆರಳು ಉಳಿಯುತ್ತವೆ. ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ಕೈಯಲ್ಲೇ ತೆರೆಯುವಂತಿರಬೇಕು. 2006ರಲ್ಲಿ ಅಮೆರಿಕದ ಲ್ಯಾಂಗ್ಲಿ ನೆಲೆಯಲ್ಲಿ ಎಫ್-22ರ ಕ್ಯಾನೊಪಿ ತೆರೆಯದೆ ಪೈಲಟ್ ಸುಮಾರು ಐದು ಗಂಟೆ ಒಳಗೇ ಕೂತಿದ್ದ, ಕೊನೆಗೆ ಗರಗಸದ ಯಂತ್ರದಿಂದ ಕೊಯ್ದು ಹೊರತೆಗೆದರು. ಸೀಟಿನ ಹಿಂದೆ ಒಂದು ಎಕ್ಸಾಸ್ಟ್ ಫ್ಯಾನೂ ಹಾಕಿ, ಪುಣೆಯ ಮೇ ತಿಂಗಳಲ್ಲಿ ಮುಚ್ಚಿದ ಗುಳ್ಳೆಯೊಳಗೆ ಹತ್ತು ನಿಮಿಷ ಕೂರುವುದೂ ಕಷ್ಟ.