ಜಿಮೇಲ್‌ನಲ್ಲಿ ‘ಸೆಕ್ಯುರಿಟಿ ಅಲರ್ಟ್’ ಬಂದಿದೆ, ಬಟನ್ ಒತ್ತಲೋ ಬೇಡವೋ?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ): ನಮಸ್ಕಾರ ಸರ್. ನಿನ್ನೆ ರಾತ್ರಿ ಊಟ ಆದಮೇಲೆ ಮೊಬೈಲ್ ನೋಡಿದೆ. ಜಿಮೇಲ್‌ನಲ್ಲಿ ‘ಸೆಕ್ಯುರಿಟಿ ಅಲರ್ಟ್’ ಅಂತ ಒಂದು ಮೇಲ್ ಬಂದು ಕೂತಿತ್ತು. ಯಾರೋ ವಿಂಡೋಸ್ ಕಂಪ್ಯೂಟರ್‌ನಿಂದ ನನ್ನ ಅಕೌಂಟ್‌ಗೆ ಲಾಗಿನ್ ಆಗಿದ್ದಾರಂತೆ. ನಮ್ಮನೆಯಲ್ಲಿ ಕಂಪ್ಯೂಟರೇ ಇಲ್ಲ! ಕೆಳಗೆ ನೀಲಿ ಬಟನ್ ಇದೆ, ಒತ್ತಿ ನೋಡಿ ಅಂತಿದೆ. ಅಡಿಕೆ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಅದೇ ಮೇಲ್‌ಗೆ ಬರೋದು. ರಾತ್ರಿಯಿಡೀ ನಿದ್ದೆ ಇಲ್ಲ.

ಉತ್ತರ: ಅಕ್ಕ, ಬಟನ್ ಒತ್ತಬೇಡಿ. ಮೇಲ್ ಅಸಲಿಯೇ ಇರಬಹುದು. ಆದರೆ ಅದೇ ಬಣ್ಣ, ಅದೇ ಬಟನ್ ಇಟ್ಟು ನಕಲಿ ಮಾಡೋದು ಕಷ್ಟವೇನಲ್ಲ. ಕಳಿಸಿದವರ ವಿಳಾಸ ಸರಿಯಿದೆ ಅಂತಲೂ ನಂಬಬೇಡಿ. 2025ರಲ್ಲಿ ಗೂಗಲ್‌ನದೇ ವಿಳಾಸ ಕಾಣುವಂಥ ಮೋಸದ ಮೇಲ್‌ಗಳು ಬಂದಿದ್ದವು.

ಆ ಮೇಲನ್ನು ಹಾಗೇ ಬಿಡಿ. ಜಿಮೇಲ್ ಆ್ಯಪ್‌ನಲ್ಲಿ ಮೇಲೆ ಬಲಗಡೆ ನಿಮ್ಮ ಫೋಟೊ ಇರುತ್ತಲ್ಲ, ಅದನ್ನು ಒತ್ತಿ ಗೂಗಲ್ ಅಕೌಂಟ್‌ಗೆ ಹೋಗಿ, ‘ಸೆಕ್ಯುರಿಟಿ’ ತೆರೆಯಿರಿ. ಎಚ್ಚರಿಕೆ ನಿಜವಾಗಿದ್ದರೆ ಅಲ್ಲೂ ಇರುತ್ತದೆ. ಯಾವ ದಿನ, ಎಷ್ಟು ಗಂಟೆ ಅಂತ ನೋಡಿ ಹೇಳಿ.

ಕೇಳಿದವರು: ಇದೆ ಸರ್. ಮಂಗಳವಾರ ಬೆಳಿಗ್ಗೆ 11:20, ವಿಂಡೋಸ್, ಬೆಂಗಳೂರು. ನಾನು ಬೆಂಗಳೂರಿಗೆ ಹೋಗಿ ವರ್ಷ ಆಯ್ತು.

ಉತ್ತರ: ಊರಿನ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಇಂಟರ್ನೆಟ್ ಕಂಪನಿ ಕೊಡುವ ಐಪಿ ವಿಳಾಸ ಅನ್ನೋ ನಂಬರ್ ನೋಡಿ ಹೇಳುವ ಅಂದಾಜು. ಕುಮಟಾದ ನಮ್ಮನೆ ಜಗಲಿಯಲ್ಲಿ ಕೂತು ಲಾಗಿನ್ ಆದರೂ ನನಗೆ ಎಷ್ಟೋ ಸಲ ಬೆಂಗಳೂರು ಅಂತಲೇ ಬರುತ್ತದೆ. ಗಂಟೆ ಮತ್ತು ಸಾಧನ ನೋಡಬೇಕು. ಮಂಗಳವಾರ ಶಿರಸಿ ಸಂತೆ ಅಲ್ವಾ? ಪೇಟೆಗೆ ಬಂದಾಗ ಎಲ್ಲಾದರೂ ಪ್ರಿಂಟ್ ತೆಗೆಸಿದ್ರಾ?

ಕೇಳಿದವರು: ಅಯ್ಯೋ ಹೌದು! ಮಗಳ ಹಾಲ್ ಟಿಕೆಟ್. ಝೆರಾಕ್ಸ್ ಅಂಗಡಿ ಹುಡುಗ ಪಾಸ್‌ವರ್ಡ್ ಕೇಳಿದ. ಸಂತೆ ಚೀಟಿ ಹಿಂದೆ ಬರೆದುಕೊಟ್ಟೆ.

ಉತ್ತರ: ಹಾಗಾದ್ರೆ ಕಳ್ಳ ಸಿಕ್ಕಿದ, ನೀವೇ! ಆದರೆ ಆ ಕಂಪ್ಯೂಟರ್‌ನಲ್ಲಿ ನಿಮ್ಮ ಮೇಲ್ ಇನ್ನೂ ತೆರೆದೇ ಇರಬಹುದು, ಚೀಟಿಯೂ ಅಲ್ಲೇ ಬಿದ್ದಿರಬಹುದು. ಅದೇ ‘ಸೆಕ್ಯುರಿಟಿ’ಯಲ್ಲಿ ನಿಮ್ಮ ಸಾಧನಗಳ ಪಟ್ಟಿ ಇದೆ. ವಿಂಡೋಸ್ ಹುಡುಕಿ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಇವತ್ತೇ ಬದಲಿಸಿ. ಹಳೇದನ್ನೇ ಬೇರೆಲ್ಲಾದರೂ ಇಟ್ಟಿದ್ದರೆ ಅಲ್ಲೂ ಬದಲಿಸಿ. ಟು ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಹಾಕಿದ ಮೇಲೂ ಇನ್ನೊಮ್ಮೆ ನೀವೇನಾ ಅಂತ ಖಚಿತ ಮಾಡಿಕೊಳ್ಳೋದು) ಆನ್ ಮಾಡಿ. ಮುಂದಿನ ಸಲ ಹಾಲ್ ಟಿಕೆಟನ್ನು ನಿಮ್ಮ ಮೊಬೈಲ್‌ನಿಂದಲೇ ಅಂಗಡಿಯವರ ಮೇಲ್‌ಗೆ ಕಳಿಸಿದರೆ ಸಾಕು.

ಇನ್ನೊಬ್ಬರು (ಗೋಕರ್ಣ, ಹೋಮ್‌ಸ್ಟೇ): ಸರ್, ನನಗೂ ಹಿಂದಿನ ತಿಂಗಳು ಇಂಥದ್ದೇ ಬಂದಿತ್ತು. ನಾನಂತೂ ಲಾಗಿನ್ ಆಗಿರಲಿಲ್ಲ. ಪಾಸ್‌ವರ್ಡ್ ಬದಲಿಸಿ ಸುಮ್ನಾದೆ. ಈಗ ಗೆಸ್ಟ್‌ಗಳು ‘ಮೇಲ್ ಹಾಕಿದ್ವಿ, ಉತ್ತರವೇ ಇಲ್ಲ’ ಅಂತಾರೆ. ಇನ್‌ಬಾಕ್ಸ್‌ನಲ್ಲಿ ಏನೂ ಇಲ್ಲ.

ಉತ್ತರ: ಇದು ಬೇರೆ ಜಾತಿಯ ತಾಪತ್ರಯ ಮಾರಾಯ್ರೆ. ಬೀಗ ಬದಲಿಸಿದಿರಿ, ಕಳ್ಳ ಹಿತ್ತಲಲ್ಲಿ ಕಿಂಡಿ ಕೊರೆದಿಟ್ಟು ಹೋಗಿದ್ದಾನೆ. ಒಳಗೆ ಬಂದವರು ಹೋಗುವ ಮುಂಚೆ ಫಿಲ್ಟರ್ (ಇಂಥ ಮೇಲ್ ಬಂದರೆ ತಾನಾಗಿ ಹೀಗೆ ಮಾಡು ಅನ್ನೋ ನಿಯಮ) ಹಾಕಿಡುತ್ತಾರೆ, ಇಲ್ಲಾ ಮೇಲ್ ತಮಗೂ ಫಾರ್ವರ್ಡ್ ಆಗುವಂತೆ ಮಾಡುತ್ತಾರೆ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅವು ಹೋಗಲ್ಲ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್ಸ್’, ‘ಫಾರ್ವರ್ಡಿಂಗ್’ ಎರಡೂ ನೋಡಿ. ಅಕೌಂಟ್ ಕೈತಪ್ಪಿದರೆ ವಾಪಸ್ ಪಡೆಯೋಕೆ ಕೊಟ್ಟಿರುವ ರಿಕವರಿ ಫೋನ್ ನಂಬರ್ ನಿಮ್ಮದೇನಾ ಅಂತಲೂ ನೋಡಿ.

ಗೋಕರ್ಣದವರು: ಸರ್, ಒಂದು ಫಿಲ್ಟರ್ ಇದೆ! ‘ಅಡ್ವಾನ್ಸ್’ ಅನ್ನೋ ಪದ ಇದ್ದರೆ ಸೀದಾ ಟ್ರ್ಯಾಶ್‌ಗೆ. ನಾನು ಹಾಕಿದ್ದಲ್ಲ. ಅಳಿಸಲಾ?

ಉತ್ತರ: ಮೊದಲು ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಅಳಿಸಿ. ಟ್ರ್ಯಾಶ್‌ನಲ್ಲಿ ಮೇಲ್ ಉಳಿಯೋದು 30 ದಿನ ಮಾತ್ರ, ಅದಕ್ಕೆ ಈಗಲೇ ನೋಡಿ. ಆ ಗೆಸ್ಟ್‌ಗಳಿಗೆ ಫೋನ್ ಮಾಡಿ, ನಿಮ್ಮ ಹೆಸರಲ್ಲಿ ಯಾರಾದರೂ ಅಡ್ವಾನ್ಸ್ ಕೇಳಿದ್ದರಾ ಅಂತ ವಿಚಾರಿಸಿ. ಯಾರಾದರೂ ದುಡ್ಡು ಹಾಕಿದ್ದರೆ ಅವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.